35 ಸಾವಿರದ ಕುದುರೆ

ಚಂದ್ರಿಯನ್ನು ಎಂಟು ವರ್ಷದ ಹಿಂದೆ 35 ಸಾವಿರ ರೂಪಾಯಿಗೆ ಕೊಂಡೆ. ರೇಸ್ ಬಿಟ್ಟ ಹೆಣ್ಣು ಕುದುರೆ, ಆಗ ಆರು ವರ್ಷ. ಕಾಗದದಲ್ಲಿ ಉದ್ದದ ಇಂಗ್ಲಿಷ್ ಹೆಸರಿತ್ತು, ನಮ್ಮ ಮನೆಯಲ್ಲಿ ಯಾರ ನಾಲಿಗೆಯೂ ಅದಕ್ಕೆ ಹೊರಳಲಿಲ್ಲ. ಒಳ್ಳೆ ಹಾಲಿನ ಹಸು ಬೇಕಂದರೆ ಇದಕ್ಕಿಂತ ಜಾಸ್ತಿ ಕೊಡಬೇಕಿತ್ತು. ಲಾಭ ಹೊಡೆದೆ ಅಂತ ನಂಜನಗೂಡಿನ ಹತ್ತಿರದ ನಮ್ಮ ತೋಟದವರೆಗೂ ಲಾರಿಯಲ್ಲಿ ಬೀಗಿಕೊಂಡೇ ಬಂದೆ. ವರ್ಷ ತುಂಬುವಷ್ಟರಲ್ಲಿ, ಕೊಟ್ಟಿಗೆಯ ಮಾಡು ಎತ್ತರಿಸಿದ್ದೂ ಸೇರಿ, ಎರಡು ಲಕ್ಷ ದಾಟಿತ್ತು. ನನ್ನ ಹೆಂಡತಿ ಪೈಸೆ ಪೈಸೆ ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದಾಳೆ. ಜಗಳಕ್ಕೆ ಬೇಕಾಗುತ್ತೆ ಅಂತ.

ರೇಸ್ ಕುದುರೆ ಅಗ್ಗಕ್ಕೆ ಸಿಗೋದು ಯಾಕೆ ಅಂತ ಆಗ ಯೋಚಿಸಿರಲಿಲ್ಲ. ಓಟ ನಿಂತರೂ ಹೊಟ್ಟೆ ನಿಲ್ಲೋದಿಲ್ಲ. 450 ಕಿಲೋ ತೂಗುವ ಪ್ರಾಣಿಗೆ ದಿನಕ್ಕೆ ಎಂಟೊಂಬತ್ತು ಕಿಲೋ ಒಣಮೇವು ಬೇಕು, 30 ಲೀಟರಿಗೆ ಕಡಿಮೆ ಇಲ್ಲದ ನೀರು ಬೇಕು. ಮೇವಿಗೆ ತಿಂಗಳಿಗೆ ನಾಲ್ಕು ಸಾವಿರ, ಹುರುಳಿ, ಬೂಸಾಕ್ಕೆ ಮೂರು ಸಾವಿರ, ಬೆಳಿಗ್ಗೆ ಬಂದು ನೋಡಿಕೊಳ್ಳುವ ಹುಡುಗನಿಗೆ ನಾಲ್ಕು ಸಾವಿರ. ಆರು ವಾರಕ್ಕೊಮ್ಮೆ ಲಾಳ. ಜಂತಿನ ಔಷಧಿ, ಧನುರ್ವಾಯು ಲಸಿಕೆ ಬೇರೆ. ಇದಿಷ್ಟು ಗೊತ್ತಿರುವ ಖರ್ಚು, ಹೇಗೋ ಹೊಂದಿಸಬಹುದು. ನನ್ನನ್ನು ಮಲಗಿಸಿದ್ದು ಗೊತ್ತಿಲ್ಲದ ಖರ್ಚು.

ಮೊದಲನೆಯದು ನನ್ನ ಕೈಯಾರೆ ಮಾಡಿಕೊಂಡದ್ದು. ಪಕ್ಕದ ತೋಟದ ಹಿರಿಯರು, "ಹಸುಗೆ ಹಾಕ್ದಂಗೆ ಹಾಕಪ್ಪ, ಬದುಕ್ಕತದೆ" ಅಂದರು. ಡಿಸೆಂಬರ್, ಭತ್ತದ ಕೊಯ್ಲು ಮುಗಿದಿತ್ತು. ಹೊಸ ಭತ್ತದ ಹುಲ್ಲು ಬಿಟ್ಟಿ ಸಿಕ್ಕಿತು. ಮೇವಿನ ದುಡ್ಡು ಉಳಿಯಿತು ಅಂತ ಒಂದು ವಾರ ಅದನ್ನೇ ಸುರಿದೆ. ಹಸು ಮೆಲುಕು ಹಾಕುತ್ತೆ, ಕುದುರೆ ಹಾಕೋದಿಲ್ಲ. ಕುದುರೆಯ ಜಠರ ಚಿಕ್ಕದು, ಹುಲ್ಲು ಅರಗೋದು ಹಿಂಭಾಗದ ದೊಡ್ಡ ಕರುಳಿನಲ್ಲಿ. ಒರಟು ಹುಲ್ಲು ಅಲ್ಲಿ ಗಟ್ಟಿಯಾಗಿ ಕೂತರೆ ದಾರಿ ಬಂದ್. ಚಳಿಗೆ ಅವಳು ನೀರನ್ನೂ ಕಡಿಮೆ ಕುಡಿಯುತ್ತಿದ್ದಳು. ಕುದುರೆಗೆ ವಾಂತಿ ಮಾಡೋಕೂ ಆಗೋದಿಲ್ಲ ಅನ್ನೋದು ನನಗೆ ಅವತ್ತು ರಾತ್ರಿಯೇ ಗೊತ್ತಾದದ್ದು.

ಹತ್ತು ಗಂಟೆಗೆ ಹೋಗಿ ನೋಡಿದರೆ ಚಂದ್ರಿ ನೆಲ ಕೆರೆಯುತ್ತಿದ್ದಳು. ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡೋದು, ಮಲಗೋದು, ಹೊರಳೋದು, ಏಳೋದು. ಮಧ್ಯಾಹ್ನದಿಂದ ಲದ್ದಿ ಹಾಕಿರಲಿಲ್ಲ. ಮೈಸೂರಿನಿಂದ ಕುದುರೆ ನೋಡುವ ಡಾಕ್ಟರು ಬರೋಕೆ ಒಂದು ಗಂಟೆ ಆಯಿತು. ನಾಡಿ 64 ಅಂದರು. ಸುಮ್ಮನೆ ನಿಂತ ಕುದುರೆಗೆ 40ರ ಆಸುಪಾಸು ಇರಬೇಕು. ನೋವಿಗೆ ಇಂಜೆಕ್ಷನ್ ಕೊಟ್ಟರು. ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿ ನೀರು ಮತ್ತು ಲಿಕ್ವಿಡ್ ಪ್ಯಾರಾಫಿನ್ ಅನ್ನೋ ಜಾರುವ ಎಣ್ಣೆ ಹಾಕಿದರು. ಕೈ ತೊಳೆಯುತ್ತಾ ಕೇಳಿದರು: "ನೋಡ್ರಿ, ಇದು ಬರೀ ಕಟ್ಟಿಕೊಂಡಿದ್ರೆ ಬಿಡುತ್ತೆ. ಕರುಳು ತಿರುಚಿಕೊಂಡಿದ್ರೆ ಆಪರೇಷನ್ ಬಿಟ್ಟು ಬೇರೆ ದಾರಿ ಇಲ್ಲ. ಎಷ್ಟರ ತನಕ ಹೋಗ್ತೀರಿ?"

ನನಗೆ ಬಾಯಿ ಬರಲಿಲ್ಲ. ರಾತ್ರಿ ಹನ್ನೆರಡಕ್ಕೆ, ನರಳುವ ಪ್ರಾಣಿಯ ಹಗ್ಗ ಹಿಡಿದುಕೊಂಡು ಲೆಕ್ಕ ಹಾಕೋದು ಹೇಗೆ? ನಾನೂ ಹೆಂಡತಿಯೂ ಸರದಿಯ ಮೇಲೆ ಚಂದ್ರಿಯನ್ನು ನಡೆಸುತ್ತಾ ಇದ್ದೆವು. ಬೆಳಗಿನ ಜಾವ ನಾಲ್ಕೂವರೆಗೆ ಲದ್ದಿ ಹಾಕಿದಳು. ಲದ್ದಿ ನೋಡಿ ಅತ್ತವರು ನಮ್ಮೂರಲ್ಲಿ ನಾವಿಬ್ಬರೇ ಇರಬೇಕು. ಬಿಟ್ಟಿ ಹುಲ್ಲಿಗೆ ಬಿದ್ದ ಬೆಲೆ 11,400 ರೂಪಾಯಿ.

ಆ ವಾರವೇ ನಾವು ಮಾಡಿದ ಕೆಲಸ ಇದು: ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಒಂದು ಮೊತ್ತ ಬರೆದೆವು. ಒಂದು ಕಾಯಿಲೆಗೆ ಇಷ್ಟರ ತನಕ, ಅದಕ್ಕೆ ಮೇಲೆ ಆಗೋದಿಲ್ಲ. ಬರೆಯುವಾಗ ಕಟುಕರಂತೆ ಅನಿಸಿತು, ಸುಳ್ಳು ಹೇಳೋದಿಲ್ಲ. ಆದರೆ ಹಗಲು ಹೊತ್ತಲ್ಲಿ ಕಾಫಿ ಕುಡಿಯುತ್ತಾ ಮಾಡಿದ ತೀರ್ಮಾನ, ರಾತ್ರಿ ಗಾಬರಿಯಲ್ಲಿ ಮಾಡೋದಕ್ಕಿಂತ ವಾಸಿ ಅಲ್ವಾ? ಆ ಮೊತ್ತ ಸೇರುವ ತನಕ ತಿಂಗಳಿಗೆ 1,500 ರೂಪಾಯಿ ಬೇರೆ ಖಾತೆಗೆ ಹಾಕಿದೆ. ಜೀನು ಹರಿದರೂ ಅದನ್ನು ಮುಟ್ಟುತ್ತಿರಲಿಲ್ಲ.

ಮುಟ್ಟಬೇಕಾಗಿ ಬಂದದ್ದು ಮುಂದಿನ ಮಳೆಗಾಲದಲ್ಲಿ. ಲಾಳ ಹೊಡೆಸಿದ ನಾಲ್ಕನೇ ದಿನ ಮುಂಗಾಲು ಊರಲೇ ಇಲ್ಲ. ಕಾಲು ಮುರಿದಿದೆ ಅಂತಲೇ ಅಂದುಕೊಂಡೆ. ಗೊರಸು ಮುಟ್ಟಿದರೆ ಕಾವು. ಒಂದು ಮೊಳೆ ಒಳಗಿನ ಸೂಕ್ಷ್ಮ ಭಾಗದ ತೀರಾ ಹತ್ತಿರ ಹೋಗಿತ್ತು, ಕೀವು ಕಟ್ಟಿತ್ತು. ಲಾಳ ಬಿಚ್ಚಿ ತೂತು ಮಾಡಿದಾಗ ಕಪ್ಪು ನೀರು ಬಂತು. ಆಮೇಲೆ ದಿನಕ್ಕೆರಡು ಸಲ ಬಿಸಿನೀರು, ಎಪ್ಸಮ್ ಉಪ್ಪು. ಕಟ್ಟು ಕೆಸರಲ್ಲಿ ನಿಲ್ಲುತ್ತಿರಲಿಲ್ಲ. ಮಗುವಿನ ಡೈಪರ್ ಸುತ್ತಿ ಮೇಲೆ ಅಗಲದ ಟೇಪ್ ಹಾಕಿ ಅಂತ ಡಾಕ್ಟರು ಹೇಳಿಕೊಟ್ಟರು. ಮೆಡಿಕಲ್ ಶಾಪಿನವರು ದೊಡ್ಡ ಪ್ಯಾಕೆಟ್ ಕೊಡುತ್ತಾ "ಗಂಡೋ ಹೆಣ್ಣೋ ಸಾರ್?" ಅಂದರು. ಹೆಣ್ಣು ಅಂದೆ.

ಖರ್ಚು ಇಳಿಸೋಕೆ ಮಾಡಿದ್ದರಲ್ಲಿ ನಿಜವಾಗಿ ಕೈ ಹಿಡಿದದ್ದು ಎರಡೇ. ಐದು ಗುಂಟೆಯಲ್ಲಿ ಹಾಕಿದ ಲೂಸರ್ನ್, ಅದೇ ಕುದುರೆ ಮೆಂತೆ. ತಿಂಗಳಿಗೊಂದು ಕೊಯ್ಲು ಬರುತ್ತೆ, ಹಾಗಂತ ಹೊಟ್ಟೆ ತುಂಬ ಹಾಕಬಾರದು. ಇನ್ನೊಂದು, ಮೈಸೂರಿನಿಂದ ಶನಿವಾರ, ಭಾನುವಾರ ಸವಾರಿಗೆ ಬರುವ ಕಾಲೇಜು ಹುಡುಗಿ. ಲಾಳದ ಖರ್ಚು ಅವಳದು. ಬೇರೆಯವರ ಕುದುರೆ ಸಾಕಿಕೊಟ್ಟು ಬಾಡಿಗೆ ತೆಗೆದುಕೊಳ್ಳುವ ಯೋಚನೆ ಬಿಟ್ಟೆ. ಗ್ಲ್ಯಾಂಡರ್ಸ್ ಅನ್ನೋ ಕುದುರೆಗಳ ಅಂಟುರೋಗದ ಭಯ. ಅದು ಮನುಷ್ಯರಿಗೂ ಅಂಟುತ್ತೆ. ರಕ್ತದ ಮಾದರಿ ಹರಿಯಾಣದ ಹಿಸಾರ್‌ನ ಕುದುರೆ ಸಂಶೋಧನಾ ಕೇಂದ್ರದಲ್ಲಿ ಖಚಿತವಾದರೆ ಚಿಕಿತ್ಸೆಯ ಮಾತಿಲ್ಲ, ಕುದುರೆಯನ್ನು ಕೊಲ್ಲಲೇಬೇಕು. ಮದುವೆ ಮೆರವಣಿಗೆಗೆ ಒಂದೇ ಸಲ ಕಳಿಸಲು ಒಪ್ಪಿದ್ದೆ. ಬ್ಯಾಂಡ್‌ನವರು ಡೋಲು ಬಾರಿಸಿ ನೋಡಿದ ಕೂಡಲೇ ಚಂದ್ರಿ ನನ್ನನ್ನೂ ಎಳೆದುಕೊಂಡು ಮನೆ ಕಡೆ ನಾಗಾಲೋಟ. ಮುಂಗಡ ವಾಪಸ್ ಕೊಟ್ಟೆ.

ಈಗ ಅವಳಿಗೆ 14. ಹುಬ್ಬಿನ ಮೇಲೆ ಗುಳಿ ಬಿದ್ದಿದೆ, ಬೆಳಿಗ್ಗೆ ಹಿಂಗಾಲು ಬಿಗಿದುಕೊಳ್ಳುತ್ತೆ. ಕಳೆದ ವಾರ ನೋಟ್‌ಬುಕ್ಕಿನ ಕೊನೆ ಹಾಳೆ ತೆಗೆದೆವು. ಖಾತೆಯಲ್ಲಿ ಈಗ ದುಡ್ಡು ಸಾಕಷ್ಟಿದೆ. ಆದರೂ ಮೊತ್ತ ತಿದ್ದಿ ಇಳಿಸಿದೆವು. ಈ ವಯಸ್ಸಿನಲ್ಲಿ ಹೊಟ್ಟೆ ಕೊಯ್ಯಿಸಿ ತಿಂಗಳುಗಟ್ಟಲೆ ಕಟ್ಟಿಹಾಕೋದು ಬೇಡ ಅಂತ. ಹೆಂಡತಿಯೇ ಪೆನ್ನು ಹಿಡಿದಳು. ಬರೆದು ಮುಗಿಸಿ, ಬೆಲ್ಲದ ಉಂಡೆ ತೆಗೆದುಕೊಂಡು ಕೊಟ್ಟಿಗೆ ಕಡೆ ಹೋದಳು.