ಪತ್ತನಾಜೆಯ ಮೊದಲು ಹುಲ್ಲಿಗೆ ಹೊಸ ಚಟ್ಟಿ

ತೋಟದ ಹುಲ್ಲು ಕೊಚ್ಚಲು ಜನ ಸಿಗದೆ ಯಂತ್ರ ತಂದಿಟ್ಟುಕೊಂಡ ಮನೆಗೆ, ನರ್ಸರಿಯಿಂದ ದುಡ್ಡು ಕೊಟ್ಟು ಹುಲ್ಲು ತಂದು ಚಟ್ಟಿಯಲ್ಲಿ (ಕುಂಡದಲ್ಲಿ) ನೆಟ್ಟರೆ ಹೇಗಿರಬೇಡ! "ಅಲ್ಲ ಮಾರಾಯ್ತಿ, ಹುಲ್ಲಿಗೂ ಚಟ್ಟಿಯಾ?" ಎಂದು ಅತ್ತೆ ಕೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಅದು ಜಗಲಿಯ ಬದಿಯಲ್ಲಿ ಕಡು ನೇರಳೆ ಎಲೆ ಬಿಟ್ಟು, ನರಿಬಾಲದಂಥ ಹೂ ಎತ್ತಿ ಗಾಳಿಗೆ ಬಾಗತೊಡಗಿದ ಮೇಲೆ ಬಂದವರಿಗೆಲ್ಲ ಕರೆದು ತೋರಿಸುವವರೂ ಅವರೇ.

ನರ್ಸರಿಯಲ್ಲಿ ಇದಕ್ಕೆ ಪರ್ಪಲ್ ಫೌಂಟನ್ ಗ್ರಾಸ್ ಎನ್ನುತ್ತಾರೆ. ಹಟ್ಟಿಯ ದನಗಳಿಗೆ ಕೊಯ್ದು ಹಾಕುವ ನೇಪಿಯರ್, ಘಟ್ಟದಾಚೆ ಬೆಳೆಯುವ ಸಜ್ಜೆ ಎರಡೂ ಇದರ ನೆಂಟರು. ಮೊದಲು ಪೆನ್ನಿಸೆಟಮ್ ಎನ್ನುತ್ತಿದ್ದ ಈ ಕುಲವನ್ನು ಈಗ ಸೆಂಕ್ರಸ್ ಜೊತೆ ಸೇರಿಸಿದ್ದಾರೆ. ನೇಪಿಯರ್ ಬೆಳೆದವರಿಗೆ ಇದರ ಗುಣ ಬೇರೆ ಹೇಳಬೇಕಾಗಿಲ್ಲ. ಬಿಸಿಲು ಬೇಕು, ಬುಡದಿಂದ ಮರಿ ಒಡೆದು ಅಗಲವಾಗುತ್ತಾ ಹೋಗುತ್ತದೆ, ಬೇರಂತೂ ಲೆಕ್ಕವಿಲ್ಲದಷ್ಟು. ಕೊಳ್ಳುವಾಗ ನೇರಳೆಯದ್ದನ್ನೇ ಕೇಳಿ ತನ್ನಿ. ಇದರ ಹಸಿರು ಜಾತಿ ಬೀಜದಿಂದ ಹರಡಿ ಹವಾಯಿ ದ್ವೀಪಗಳಲ್ಲಿ ದೊಡ್ಡ ಕಳೆಯಾಗಿದೆ, ಒಣಗಿ ನಿಂತು ಕಾಡಿಗೆ ಬೆಂಕಿ ಹಬ್ಬಲೂ ಕಾರಣವಾಗಿದೆ. ಕಮ್ಯುನಿಸ್ಟ್ ಗಿಡ ಗುಡ್ಡೆಯೆಲ್ಲ ತುಂಬಿದ್ದನ್ನು ಕಂಡ ನಾವು ಅಂಥದ್ದಕ್ಕೆ ಕೈಹಾಕುವುದು ಬೇಡ. ನೇರಳೆಯದ್ದು ಮೊಳೆಯುವ ಬೀಜ ಕೊಡುವುದೇ ಅಪರೂಪ, ಬುಡ ಸೀಳಿಯೇ ಗಿಡ ಮಾಡಬೇಕು.

ಹೊಸ ಚಟ್ಟಿ ಬೇಕಾಗಿದೆ ಎಂದು ನನಗೆ ತಿಳಿದದ್ದು ನೀರಿನಿಂದ. ಹೊಯ್ದ ನೀರು ಮೇಲೆಯೇ ನಿಲ್ಲುತ್ತಿತ್ತು, ಇಲ್ಲವೇ ಬದಿಯಿಂದ ಸರ್ರನೆ ಇಳಿದು ಕೆಳಗೆ ಹೋಗುತ್ತಿತ್ತು. ನಡುವಿಗೆ ಹನಿಯೂ ತಾಗುತ್ತಿರಲಿಲ್ಲ. ದಿನಾ ನೀರು ಕೊಟ್ಟರೂ ಎಲೆಯ ತುದಿ ಒಣಗುವುದು, ಬುಡದ ನಡುಭಾಗ ಸತ್ತು ಸುತ್ತ ಮಾತ್ರ ಹಸಿರಿರುವುದು, ಕೆಳಗಿನ ತೂತಿನಿಂದ ಬೇರು ಹೊರಗೆ ಇಣುಕುವುದು, ಎಲ್ಲ ಒಂದೇ ಮಾತು ಹೇಳುತ್ತವೆ: ಒಳಗೆ ಮಣ್ಣಿಗಿಂತ ಬೇರೇ ಹೆಚ್ಚಾಗಿದೆ. ಇಂಥ ಹೊತ್ತಿನಲ್ಲಿ ಗೊಬ್ಬರ ಹಾಕಿ ಪ್ರಯೋಜನವಿಲ್ಲ.

ಯಾವಾಗ ಮಾಡಬೇಕು ಎಂಬುದಕ್ಕೆ ಹೊರಗಿನವರು ಬರೆದದ್ದನ್ನು ಓದಿದರೆ ಚಳಿ ಕಳೆದು ವಸಂತದಲ್ಲಿ ಎಂದಿರುತ್ತದೆ. ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದಲ್ಲಿ ಎಂಥ ಚಳಿ! ನಮ್ಮ ಲೆಕ್ಕ ಮಳೆಯದ್ದು. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ತಾನೇ ಕಡಿದ ಬೇರನ್ನು ಜೂನ್ ತಿಂಗಳ ಜಡಿಮಳೆಗೆ ಒಡ್ಡಿದರೆ ಕೊಳೆಯದೆ ಇರುತ್ತದೆಯೇ? ಮಾರ್ಚ್‌ನ ಸುಡುಬಿಸಿಲಿಗೆ ಮಾಡಿದರೆ ಒಣಗುತ್ತದೆ. ಬೇಸಿಗೆಯ ಮೊದಲ ಒಂದೆರಡು ಗುಡುಗು ಮಳೆ ಬಿದ್ದು ಗಿಡ ಹೊಸ ಚಿಗುರು ತೋರಿಸುವಾಗ, ಅಂದರೆ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಒಂದೆರಡು ವಾರ ಮೊದಲು ಮಾಡುವುದು ನನಗೆ ಸರಿಬಂದದ್ದು. ಆ ದಿನ, ತುಳುವಿನ ಬೇಶ ತಿಂಗಳ ಹತ್ತಕ್ಕೆ, ಯಕ್ಷಗಾನ ಆಟದ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ಬೇರು ಹೊಸ ಮಣ್ಣು ಹಿಡಿದಿರುತ್ತದೆ. ಆ ಸಮಯ ತಪ್ಪಿದರೆ ಮಳೆ ಇಳಿಯುವ ಸೆಪ್ಟೆಂಬರ್ ಕೊನೆಯವರೆಗೆ ಸುಮ್ಮನಿರುವುದೇ ಒಳ್ಳೆಯದು.

ಮಣ್ಣಿನ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ನಮ್ಮ ಮುರಕಲ್ಲಿನ ಕೆಂಪು ಮಣ್ಣನ್ನು ಹಾಗೆಯೇ ತುಂಬಿದರೆ ಮೊದಲ ಜೋರು ಮಳೆಗೇ ಚಟ್ಟಿಯೊಳಗೆ ಗಟ್ಟಿ ಕೂತುಬಿಡುತ್ತದೆ. ಅದನ್ನೇ ಸುಡುಮಣ್ಣು ಮಾಡಿದರೆ ಬೇರೆಯೇ ವಸ್ತು. ಒಣ ತರಗೆಲೆ, ಕಡ್ಡಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಉರಿಯೇಳದಂತೆ ಒಳಗೊಳಗೇ ಹೊಗೆಯಾಡಲು ಬಿಡುವುದು. ಮಲ್ಲಿಗೆ, ತರಕಾರಿ ಬೆಳೆಯುವ ಮನೆಗಳಲ್ಲಿ ಇದು ಗೊತ್ತಿದ್ದದ್ದೇ. ಹುಡಿಹುಡಿಯಾಗುತ್ತದೆ, ಕಳೆಬೀಜ ಸಾಯುತ್ತದೆ, ಬೂದಿಯಿಂದ ಹುಳಿಯಂಶ ಕಡಿಮೆಯಾಗುತ್ತದೆ. ಸುಟ್ಟಾಗ ಸಾರಜನಕ ಹೋಗುವುದೂ ಉಂಟು, ಈ ಗಿಡಕ್ಕೆ ಅದರಿಂದ ನಷ್ಟವಿಲ್ಲ. ಸಾರ ಜಾಸ್ತಿಯಾದ ಹುಲ್ಲು ಎಳಸಾಗಿ ಉದ್ದ ಬೆಳೆದು ಅಡ್ಡ ಬೀಳುತ್ತದೆ. ಎರಡು ಪಾಲು ಸುಡುಮಣ್ಣಿಗೆ ಒಂದು ಪಾಲು ತೊಳೆದ ಹೊಯಿಗೆ (ಮರಳು), ಒಂದು ಪಾಲು ಎರೆಗೊಬ್ಬರ ಸೇರಿಸಿದೆ. ತೆಂಗಿನ ಮಡಲಿನಿಂದ (ಗರಿಯಿಂದ) ಎರೆಗೊಬ್ಬರ ಮಾಡುವ ವಿಧಾನವನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿಪಿಸಿಆರ್‌ಐ, ರೂಪಿಸಿದೆ. ಮಡಲಿಗೆ ನಮ್ಮಲ್ಲಿ ಬರವಿಲ್ಲವಲ್ಲ. ಕಡಲ ಹೊಯಿಗೆಯಾದರೆ ಉಪ್ಪು ಹೋಗುವ ತನಕ ತೊಳೆಯಬೇಕು. ತೆಂಗಿನ ಸಿಪ್ಪೆಯಿಂದ ಹೊಸದಾಗಿ ತೆಗೆದ ನಾರಿನ ಹುಡಿಯನ್ನು ಹಸಿಯಾಗಿ ಹಾಕಬೇಡಿ, ಅದರ ಉಪ್ಪು ಮತ್ತು ಒಗರು ಬೇರಿಗೆ ಆಗದು.

ತೆಗೆಯುವುದೇ ದೊಡ್ಡ ಕೆಲಸ. ಹಿಂದಿನ ಸಂಜೆ ಚೆನ್ನಾಗಿ ನೀರು ಕುಡಿಸಿದ್ದೆ. ಎಲೆಗಳನ್ನೆಲ್ಲ ಒಟ್ಟು ಮಾಡಿ ಬಾಳೆಬಳ್ಳಿಯಿಂದ ಬಿಗಿದು, ಬುಡದಿಂದ ಒಂದು ಗೇಣು ಬಿಟ್ಟು ಮೇಲಿನದ್ದನ್ನು ಕತ್ತಿಯಿಂದ ಕೊಯ್ದೆ. ತೋಳು ಮುಚ್ಚುವ ಅಂಗಿ ಹಾಕಿಕೊಳ್ಳಿ, ಎಲೆಯ ಅಂಚು ಚರ್ಮ ಗೀರುತ್ತದೆ. ಚಟ್ಟಿಯನ್ನು ಅಡ್ಡ ಮಲಗಿಸಿ ಸುತ್ತ ಕೈಯಿಂದ ತಟ್ಟಿ, ಒಳಗಿನ ಅಂಚಿನಲ್ಲಿ ಉದ್ದ ಚೂರಿ ಆಡಿಸಿದೆ. ಬಾಯಿ ಕಿರಿದಾದ, ಹೊಟ್ಟೆ ದಪ್ಪಗಿನ ಮಣ್ಣಿನ ಚಟ್ಟಿಯಾದರೆ ಒಡೆಯದೆ ಬೇರೆ ದಾರಿ ಇಲ್ಲ. ಹುಲ್ಲಿಗೆ ಅಂಥದ್ದನ್ನು ಆರಿಸಲೇಬಾರದು, ಬಾಯಿಯೇ ಅಗಲವಿರುವ ಸಾದಾ ಚಟ್ಟಿ ಸಾಕು.

ಹೊರಗೆ ಬಂದ ಬೇರಿನ ಮುದ್ದೆ ಚಟ್ಟಿಯ ಆಕಾರದಲ್ಲೇ ಸುತ್ತಿಕೊಂಡಿತ್ತು. ನಾಜೂಕಾಗಿ ಬಿಡಿಸುತ್ತಾ ಕೂತರೆ ಸಂಜೆಯಾದರೂ ಮುಗಿಯದು. ಮರ ಕೊಯ್ಯುವ ಸಣ್ಣ ಗರಗಸದಿಂದ ಅಡಿಭಾಗದ ಎರಡು ಬೆರಳು ದಪ್ಪ ಬೇರನ್ನು ಕೊಯ್ದು ಬಿಸಾಡಿದೆ. ಅದನ್ನು ನೋಡಿದ ಅತ್ತೆ "ಇನ್ನು ಅದು ಬದುಕಿದ ಹಾಗೆಯೇ" ಎಂದು ಒಳಗೆ ನಡೆದರು. ಮುದ್ದೆಯನ್ನು ಮೇಲಿನಿಂದ ಕೆಳಕ್ಕೆ ನಾಲ್ಕು ಸೀಳು ಮಾಡಿದೆ. ಪ್ರತಿ ಸೀಳಿನಲ್ಲೂ ಹೊರ ಅಂಚಿನ ನಾಲ್ಕೈದು ಜೀವಂತ ಮರಿಗಳು, ಅವುಗಳದ್ದೇ ಬೇರು ಇರುವಂತೆ ನೋಡಿ, ಒಣಗಿದ ನಡುಭಾಗವನ್ನು ಗೊಬ್ಬರದ ಗುಂಡಿಗೆ ಹಾಕಿದೆ. ಹುಲ್ಲಿಗೆ ಹಳೆ ಬೇರಿನ ಮೇಲೆ ಅಂಥ ಮಮತೆಯಿಲ್ಲ, ಬುಡದ ಗೆಣ್ಣಿನಿಂದಲೇ ಹೊಸದನ್ನು ಬಿಡುತ್ತದೆ. ಬುಡ ಒಣಗಲು ಮಾತ್ರ ಬಿಡಬಾರದು. ಸೀಳಿದವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಟ್ಟೇ ಚಟ್ಟಿಗೆ ಕೈಹಾಕಿದೆ.

ಚಟ್ಟಿಯ ಅಡಿಗೆ ಜಲ್ಲಿಕಲ್ಲು, ಹಂಚಿನ ಚೂರು ತುಂಬುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬಿದ ಮೇಲೆಯೇ ನೀರು ಕಲ್ಲಿಗೆ ಇಳಿಯುವುದು. ಅಂದರೆ ತಳದಲ್ಲಿ ಇರಬೇಕಾಗಿದ್ದ ಕೆಸರು ಇನ್ನೂ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂದ ಹಾಗಾಯಿತು. ಅದರ ಬದಲು ತೂತನ್ನು ದೊಡ್ಡದು ಮಾಡಿಸಿ, ಮಣ್ಣು ಜಾರದಂತೆ ಹಳೆ ಸೊಳ್ಳೆಬಲೆಯ ತುಂಡು ಹಾಸಿದೆ. ಹಂಚಿನ ಚೂರುಗಳನ್ನು ಚಟ್ಟಿಯ ಹೊರಗೆ, ಅಡಿಗೆ ಕೊಟ್ಟೆ. ಅಂಗಳದ ಸಿಮೆಂಟಿಗೆ ಚಟ್ಟಿ ಅಂಟಿ ಕೂತರೆ ಎಷ್ಟು ದೊಡ್ಡ ತೂತಿದ್ದೂ ದಂಡ. ಚಟ್ಟಿ ಬೇರಿನ ಮುದ್ದೆಗಿಂತ ಸುತ್ತ ಒಂದೊಂದು ಇಂಚು ದೊಡ್ಡದಿದ್ದರೆ ಸಾಕು. ತೀರಾ ದೊಡ್ಡದಾದರೆ ಬೇರು ಮುಟ್ಟದ ಮಣ್ಣು ಮಳೆಗಾಲವಿಡೀ ಒದ್ದೆಯೇ ಇರುತ್ತದೆ. ಬುಡ ಮೊದಲಿದ್ದ ಆಳಕ್ಕೇ ಕೂರಬೇಕು, ಹುಗಿದರೆ ಕೊಳೆಯುತ್ತದೆ. ಬೆರಳಿನಿಂದ ಸುತ್ತ ಒತ್ತಿ, ಅಂಚಿನಿಂದ ಒಂದು ಇಂಚು ಕೆಳಗೆ ಮಣ್ಣು ನಿಲ್ಲಿಸಿದೆ.

ವಾರದ ಮಟ್ಟಿಗೆ ಜಗಲಿಯ ನೆರಳು, ಆಮೇಲೆ ಬೆಳಗಿನ ಬಿಸಿಲು, ಆಮೇಲೆ ಪೂರ್ತಿ ಬಿಸಿಲು. ನೆರಳಲ್ಲೇ ಇಟ್ಟರೆ ನೇರಳೆ ಹೋಗಿ ಹಸಿರು ಮಿಶ್ರವಾಗುತ್ತದೆ. ಹೊಸ ಎಲೆ ಬರುವ ತನಕ ಗೊಬ್ಬರದ ಮಾತೇ ಬೇಡ. ಜಡಿಮಳೆಯ ವಾರಗಳಲ್ಲಿ ಚಟ್ಟಿಗಳನ್ನು ಮಾಡಿನ ಇಳಿನೀರು ಬೀಳುವ ಜಾಗದಿಂದ ದೂರ ಸರಿಸುತ್ತೇನೆ. ನೇರ ಮಳೆಯನ್ನು ತಡೆದುಕೊಳ್ಳುವ ಗಿಡವೂ ಆ ಧಾರೆಯನ್ನು ತಡೆಯದು, ಬುಡದ ಮಣ್ಣೇ ಕೊಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಚಟ್ಟಿಗೆ ದಿನಾ ನೀರು ಬೇಕು, ಪ್ಲಾಸ್ಟಿಕ್ಕಿನದ್ದಾದರೆ ಬೆರಳು ಹಾಕಿ ನೋಡಿ ಕೊಟ್ಟರೆ ಸಾಕು. ನಾಲ್ಕು ಸೀಳಿನಲ್ಲಿ ಎರಡನ್ನು ನಾನಿಟ್ಟುಕೊಂಡೆ, ಒಂದು ನೀರ್ಚಾಲಿನ ಅಕ್ಕನ ಮನೆಗೆ ಹೋಯಿತು. ಉಳಿದದ್ದನ್ನು ಅತ್ತೆ ತುಳಸಿಕಟ್ಟೆಯ ಆಚೆ ನೆಲದಲ್ಲೇ ನೆಟ್ಟಿದ್ದಾರೆ. ಚಟ್ಟಿಯದ್ದಕ್ಕಿಂತ ಅದೇ ಸೊಂಪಾಗಿದೆ, ಆದರೆ ದನ ಬಿಡುವಾಗ ಒಬ್ಬರು ಅಲ್ಲಿ ಕಾವಲು ನಿಲ್ಲಬೇಕು.