ತಾಲ್ಲೂಕು ಕೇಂದ್ರವೊಂದರ ಪರಿಚಯ ಬರೆಯುವ ಕ್ರಮ

ಸಣ್ಣ ತಾಲ್ಲೂಕು ಕೇಂದ್ರಗಳ ಪರಿಚಯ ಲೇಖನಗಳು ಬಹುಮಟ್ಟಿಗೆ ಸ್ಥಳಪುರಾಣದಿಂದ ಆರಂಭವಾಗಿ ಜನಸಂಖ್ಯೆಯಲ್ಲಿ ಮುಗಿಯುತ್ತವೆ. ಸುತ್ತಲಿನ ಹಳ್ಳಿಗಳವರು ಆ ಊರಿಗೆ ಯಾವ ಕೆಲಸಕ್ಕೆ ಬರುತ್ತಾರೆಂಬುದು ಅವುಗಳಲ್ಲಿ ಸಿಗುವುದೇ ಅಪರೂಪ. ಬರವಣಿಗೆ ಹೊರಡಬೇಕಾದದ್ದು ಆ ಪ್ರಶ್ನೆಯಿಂದಲೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಂಡ್ಯ ಜಿಲ್ಲೆಯ ಪಾಂಡವಪುರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲು, ಕೆಲಸದ ದಿನವೊಂದರ ಬೆಳಿಗ್ಗೆ ತಾಲ್ಲೂಕು ಕಚೇರಿಯ ಆವರಣದಲ್ಲಿ ಕುಳಿತು ಗಮನಿಸಿ. ಪಹಣಿಯ ತಪ್ಪು ತಿದ್ದಿಸಲು, ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ವರ್ಗಾಯಿಸುವುದು) ಮಾಡಿಸಲು, ಪೋಡಿ (ಜಮೀನನ್ನು ಅಳೆದು ಪಾಲು ಬೇರ್ಪಡಿಸುವುದು) ಅರ್ಜಿಯ ಗತಿ ವಿಚಾರಿಸಲು ಬಂದವರನ್ನು ಯಾವ ಊರು, ಯಾವ ಬಸ್ಸು, ಎಷ್ಟನೆಯ ಸಲ ಎಂದು ವಿನಯದಿಂದ ಕೇಳಿ ಬರೆದುಕೊಳ್ಳಿ. ಒಪ್ಪಿಗೆಯಿಲ್ಲದೆ ಯಾರ ಹೆಸರನ್ನೂ ಬಳಸಬೇಡಿ. ಕಚೇರಿಯ ಕೆಲಸ ಮುಗಿದ ಮೇಲೆ ಅವರು ಗೊಬ್ಬರದಂಗಡಿಗೆ ಹೋಗುತ್ತಾರೋ, ನ್ಯಾಯಾಲಯಕ್ಕೋ, ಆಸ್ಪತ್ರೆಗೋ ಎಂಬುದನ್ನು ಅನುಸರಿಸಿದರೆ ಪೇಟೆಯ ನಕ್ಷೆ ತಾನಾಗಿಯೇ ಮೂಡುತ್ತದೆ. ನೋಂದಣಿ ಕಚೇರಿಯ ಬಳಿಯ ಪತ್ರ ಬರಹಗಾರರೊಡನೆ ತಪ್ಪದೆ ಮಾತನಾಡಿ, ಏಕೆಂದರೆ ಜಮೀನು ಯಾರ ಕೈಯಿಂದ ಯಾರ ಕೈಗೆ, ಯಾವ ಒತ್ತಡಕ್ಕೆ ಹೋಗುತ್ತಿದೆ ಎಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರು ವಿರಳ.

ಬಳಿಕ ನೀರಿನ ಕಡೆಗೆ ತಿರುಗಿ. 1911ರಲ್ಲಿ ಕಾಮಗಾರಿ ಆರಂಭವಾದ ಕೃಷ್ಣರಾಜಸಾಗರದ ಎಡದಂಡೆಯಿಂದ ಹೊರಟ ನಾಲೆಗೆ ಮೊದಲು ಇರ್ವಿನ್ ನಾಲೆ ಎಂಬ ಹೆಸರಿತ್ತು. ಇಂದು ಅದು ವಿಶ್ವೇಶ್ವರಯ್ಯ ನಾಲೆ, ರೈತರ ಬಾಯಲ್ಲಿ ವಿ.ಸಿ. ನಾಲೆ. ಅದರ ನೀರಿನಿಂದ ಭತ್ತ ಮತ್ತು ಕಬ್ಬು, ಕಬ್ಬಿನಿಂದ ಆಲೆಮನೆ ಮತ್ತು ಸಹಕಾರಿ ಸಕ್ಕರೆ ಕಾರ್ಖಾನೆ. ಆ ಕಾರ್ಖಾನೆ ನಿಂತು, 2020ರಲ್ಲಿ ಖಾಸಗಿಯವರಿಗೆ ಗುತ್ತಿಗೆಯಾದದ್ದನ್ನು ಒಂದು ವಾಕ್ಯದಲ್ಲಿ ದಾಟಿಬಿಡಬಾರದು. ಕಬ್ಬಿನ ಬಾಕಿ ಬರದ ಹಂಗಾಮಿನಲ್ಲಿ ಬಟ್ಟೆಯಂಗಡಿಯ ಸಾಲದ ಪುಸ್ತಕ ಹೇಗಿತ್ತು, ಮಕ್ಕಳ ಶುಲ್ಕ ಹೇಗೆ ಹೊಂದಿತು, ಯಾವ ಮದುವೆ ಮುಂದಕ್ಕೆ ಹೋಯಿತು ಎಂದು ವ್ಯಾಪಾರಿಗಳನ್ನೂ ಬೆಳೆಗಾರರನ್ನೂ ಬೇರೆಬೇರೆಯಾಗಿ ಕೇಳಿ. ಊರಿನ ನಿಜವಾದ ಚರಿತ್ರೆ ಇರುವುದು ಇಲ್ಲಿಯೇ.

ದಾಖಲೆಗಳನ್ನು ಹುಡುಕುವಾಗ ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ ಎಂಬುದು ನೆನಪಿರಲಿ. ಅದಕ್ಕಿಂತ ಹಿಂದಿನ ಗೆಜೆಟಿಯರುಗಳಲ್ಲಿ ಈ ಊರು ಮೈಸೂರು ಜಿಲ್ಲೆಯ ಭಾಗದಲ್ಲಿ, ಹಿರೋಡೆ ಅಥವಾ ಫ್ರೆಂಚ್ ರಾಕ್ಸ್ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಪಡೆ ಇಲ್ಲಿ ಬೀಡುಬಿಟ್ಟಿತ್ತು. ಜನಸಂಖ್ಯೆಯನ್ನು 2011ರ ಜನಗಣತಿಯ ಜಿಲ್ಲಾ ಕೈಪಿಡಿಯಿಂದ ತೆಗೆದು, ವರ್ಷವನ್ನು ಜೊತೆಗೇ ನಮೂದಿಸಿದರೆ ಸಾಕು.

ಕುಂತಿಬೆಟ್ಟದ ಪಾಂಡವರ ಕಥೆಯನ್ನು ಐತಿಹ್ಯವೆಂದೇ ಹೇಳಿ. ತೊಣ್ಣೂರಿನ ಕೆರೆ ಮತ್ತು ನಂಬಿನಾರಾಯಣ ದೇವಾಲಯ, ಹಾಗೆಯೇ ಮೇಲುಕೋಟೆ ಇದೇ ತಾಲ್ಲೂಕಿನಲ್ಲಿದ್ದರೂ, ಪೇಟೆಗೆ ಅವುಗಳಿಂದ ಬರುವ ಜನ, ಬಸ್ಸು ಮತ್ತು ವ್ಯಾಪಾರಕ್ಕೆ ಸಂಬಂಧಿಸಿದಷ್ಟನ್ನೇ ಸೇರಿಸಿ. ಮೇಲುಕೋಟೆಗೆ ಪ್ರತ್ಯೇಕ ಲೇಖನವೇ ಬೇಕು.