ಒಂದು ಮುಖಕ್ಕೆ ನಾಲ್ಕು ಕಣ್ಣು

ಕುಂಬಳೆಯಲ್ಲಿ ನನ್ನದೊಂದು ಪುಟ್ಟ ಎಡಿಟಿಂಗ್ ರೂಮು ಇದೆ. ಜಾಸ್ತಿ ಬರುವುದು ಮದುವೆ, ಯಕ್ಷಗಾನದ ವಿಡಿಯೊ. ತಪಸ್ಸು ಕಾಲದಲ್ಲಿ ಹತ್ತಿರದ ಇಗರ್ಜಿಯ ಫಾದರ್ ಕರೆದರು. ಯೇಸುವಿನ ಮುಖವನ್ನು ಬೇರೆ ಬೇರೆ ಕಾಲದ ಕಲಾವಿದರು ಹೇಗೆ ಬರೆದರು ಅಂತ ನಾಲ್ಕು ನಿಮಿಷದ ವಿಡಿಯೊ ಬೇಕು ಎಂದರು.

ಮೊದಲು ಚಿತ್ರಗಳನ್ನು ಸುಮ್ನೆ ಸಾಲಾಗಿ ಇಟ್ಟು, ನಡುವೆ ಎರಡು ಸೆಕೆಂಡಿನ ಡಿಸಾಲ್ವ್ ಹಾಕಿದೆ, ಒಂದು ಚಿತ್ರ ಮಾಸುತ್ತಾ ಇನ್ನೊಂದು ಮೂಡುವ ಹಾಗೆ. ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಅದು 50 ಫ್ರೇಮ್. ಇಪ್ಪತ್ತೈದನೇ ಫ್ರೇಮ್ ಹತ್ತಿರ ಎರಡೂ ಚಿತ್ರ ಅರ್ಧರ್ಧ ಕಾಣುತ್ತವೆ. ಅಲ್ಲಿ ಒಂದು ಮುಖಕ್ಕೆ ನಾಲ್ಕು ಕಣ್ಣು! ನೋಡಿ ನನಗೇ ಸಂಕಟವಾಯಿತು.

ಮೇಲಿನ ಚಿತ್ರದ ಒಪಾಸಿಟಿ, ಅಂದರೆ ದಟ್ಟತನ, ಶೇಕಡಾ 50ಕ್ಕೆ ಇಳಿಸಿ ಕೆಳಗಿನದ್ದೂ ಕಾಣುವಂತೆ ಮಾಡಿದೆ. ಕಣ್ಣಿನ ಮೇಲೆ ಕಣ್ಣು ಕೂರುವವರೆಗೆ ಹಿಗ್ಗಿಸಿದೆ, ಕುಗ್ಗಿಸಿದೆ, ಸ್ವಲ್ಪ ತಿರುಗಿಸಿದೆ. ಮೂರು ರಾತ್ರಿ ಇದೇ ಕೆಲಸ. ಮೂಗು, ತುಟಿ, ಗಡ್ಡ ಹೊಂದದಿದ್ದರೂ ಚಿಂತೆಯಿಲ್ಲ. ನೋಡುವವರು ಹಿಡಿದುಕೊಂಡಿರುವುದು ಕಣ್ಣನ್ನೇ.

ರೋಮ್‌ನ ಪ್ರಿಸಿಲ್ಲಾ ನೆಲಮಾಳಿಗೆ ಸಮಾಧಿಯ ಚಿತ್ರಕ್ಕೆ ಮಾತ್ರ ಈ ಉಪಾಯ ನಡೆಯಲಿಲ್ಲ. ಅಲ್ಲಿ ಯೇಸು ಗಡ್ಡವಿಲ್ಲದ ಹುಡುಗ, ಹೆಗಲ ಮೇಲೆ ಆಡು ಹೊತ್ತ ಕುರುಬ. ಮುಖ ತೀರಾ ಚಿಕ್ಕದು. ಅಲ್ಲಿ ನೇರ ಕಟ್ ಹಾಕಿದೆ.

ಸೀನಾಯ್ ಬೆಟ್ಟದ ಸಂತ ಕ್ಯಾಥರಿನ್ ಮಠದಲ್ಲಿ 6ನೇ ಶತಮಾನದ ಚಿತ್ರವೊಂದಿದೆ. ಮೇಣದಲ್ಲಿ ಬಣ್ಣ ಕಲಸಿ ಬರೆದದ್ದು. ನಮ್ಮ ಎಡಕ್ಕೆ ಕಾಣುವ ಅರ್ಧ ಮುಖ ಶಾಂತ. ಬಲಕ್ಕೆ ಕಾಣುವುದು ಗಡುಸು, ಹುಬ್ಬು ಏರಿದೆ. ಒಂದೊಂದು ಅರ್ಧವನ್ನೇ ಕನ್ನಡಿಯಂತೆ ಮಗುಚಿ ಜೋಡಿಸಿದೆ. ಎರಡು ಬೇರೆಯೇ ಮುಖ ಬಂದವು. ಆದರೆ ಅದು ಕಣ್ಕಟ್ಟಿನ ಹಾಗೆ ಕಂಡಿತು, ಚಿತ್ರ ಬರೆದವನ ಕೈ ಅಲ್ಲಿರಲಿಲ್ಲ. ಅಳಿಸಿಬಿಟ್ಟೆ. ಬದಲಿಗೆ ಅರ್ಧಕ್ಕೆ ನೆರಳು ಹಾಕಿ ಶಾಂತ ಬದಿ ಆರು ಸೆಕೆಂಡು, ಗಡುಸು ಬದಿ ಆರು ಸೆಕೆಂಡು, ಆಮೇಲೆ ಇಡೀ ಮುಖ. ಜೂಮ್ ಇಲ್ಲ, ಅಲುಗಾಟ ಇಲ್ಲ.

ಫಾದರ್‌ಗೆ ತೋರಿಸುವಾಗ ಹೂವು ಇಡಲು ಬಂದ ಬಾಯಮ್ಮ ಒಬ್ಬರು ಹಿಂದೆ ನಿಂತು ನೋಡಿದರು.

"ಆ ಬದಿ ಚಂದ ಉಂಟು ಮಗಾ. ಈ ಬದಿ ಬೈಲಿಕ್ಕೆ ಬಂದ ಹಾಗೆ ಉಂಟು. ಬೈದ ಮೇಲೆ ಅಲ್ವಾ ಸಮಾಧಾನ ಮಾಡುವುದು?"

ಪಕ್ಕದ ಶಾಟ್ ಬದಲಾದರೆ ಅದೇ ಮುಖದ ಭಾವವೂ ಬದಲಾಗಿ ಕಾಣುತ್ತದೆ ಅಂತ ರಷ್ಯಾದ ಸಿನಿಮಾ ನಿರ್ದೇಶಕ ಲೆವ್ ಕುಲೆಶೋವ್ ಸುಮಾರು ನೂರು ವರ್ಷದ ಹಿಂದೆಯೇ ತೋರಿಸಿದ್ದರು. ಓದಿದ್ದೆ, ಹೊಳೆದಿರಲಿಲ್ಲ. ಅಲ್ಲೇ ಕೂತು ಎರಡು ಶಾಟ್ ಅದಲುಬದಲು ಮಾಡಿದೆ. ಇಡೀ ಮುಖಕ್ಕೆ ಇನ್ನೂ ಹತ್ತು ಸೆಕೆಂಡು ಕೊಟ್ಟೆ.